ಹೊಳೆಯ ಎದುರಿಗೆ, ಕಂತಿನಲ್ಲಿ

ಶಿವಮೊಗ್ಗದಲ್ಲಿ ತುಂಗಾ ಹೊಳೆ ತುಂಬಿ ಬಂದ ದಿನ ಎಷ್ಟೋ ಸಲ ಬಿಸಿಲಿರುತ್ತದೆ. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕೋರ್ಪಲಯ್ಯನ ಛತ್ರದ ಬಳಿಯ ಕಲ್ಲುಮಂಟಪ ಮುಳುಗಿತಂತೆ ಎಂಬ ಸುದ್ದಿ ಬೆಳಗಿನ ಕಾಫಿಯ ಹೊತ್ತಿಗೇ ಮನೆಮನೆ ತಲುಪಿರುತ್ತದೆ. ಅರ್ಧ ಊರು ಸೇತುವೆಯ ಮೇಲೆ ನಿಂತು ಮೊಬೈಲು ಎತ್ತಿ ಹಿಡಿಯುತ್ತದೆ. ಯಾರೋ ಅರಿಶಿನ ಕುಂಕುಮ ಹಾಕಿ ಬಾಗಿನ ಬಿಡುತ್ತಾರೆ. ಕೆಳಗೆ ಕೆಂಪು ನೀರು ಸೇತುವೆಯ ಕಂಬಗಳನ್ನು ತಿಕ್ಕಿಕೊಂಡು ಹೋಗುತ್ತಿರುತ್ತದೆ. ತಲೆಯೆತ್ತಿ ನೋಡಿದರೆ ಮೋಡ ಚದುರಿ ಆಕಾಶ ತೆರೆದಿರುತ್ತದೆ. ಕೊಡೆ ತಂದವರು ಅದನ್ನು ಬಿಸಿಲಿಗೆ ಬಿಚ್ಚಿರುತ್ತಾರೆ.

ಆ ನೀರು ನಮ್ಮೂರಿನ ಮಳೆಯದಲ್ಲ. ಹಿಂದಿನ ರಾತ್ರಿ ಶೃಂಗೇರಿ, ಕೊಪ್ಪ, ಆಗುಂಬೆ, ತೀರ್ಥಹಳ್ಳಿಗಳಲ್ಲಿ ಬಿದ್ದದ್ದು. ಶಿವಮೊಗ್ಗ ಪೇಟೆಗೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಮ್ಮಿ 1,000 ಮಿಲಿಮೀಟರ್. ತೀರ್ಥಹಳ್ಳಿಗೆ 3,000ದ ಆಸುಪಾಸು. ಆಗುಂಬೆಗೆ 7,000ಕ್ಕೂ ಮೇಲೆ. ಶಿವಮೊಗ್ಗದಿಂದ ಆಗುಂಬೆಗೆ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್, ಅಷ್ಟರೊಳಗೆ ಮಳೆ ಏಳು ಪಟ್ಟು ಏರಿಬಿಡುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಇದು ಗೊತ್ತಾಗುವುದು ಕಂಡಕ್ಟರು ಬಂದು ಕಿಟಕಿ ಹಾಕಿಸಿದಾಗ. ನಡೆದು ಹೋದರೆ ಎಲ್ಲಿ, ಹೇಗೆ ಗೊತ್ತಾಗುತ್ತದೆ ನೋಡೋಣ ಅಂತ ನಾನೂ ನನ್ನ ಅತ್ತಿಗೆಯೂ ತುಂಗೆಯ ದಡ ಹಿಡಿದು ಮೇಲ್ಮುಖವಾಗಿ ಹೊರಟೆವು. ತುಂಗೆ, ಭದ್ರೆ ಕೂಡುವ ಕೂಡ್ಲಿಯಿಂದ ಶೃಂಗೇರಿಯ ಆಚೆಯವರೆಗೆ. ಒಂದು ಮುಂಗಾರಿನಿಂದ ಮತ್ತೊಂದು ಮುಂಗಾರಿನವರೆಗೆ. ರಜೆ ಸಿಕ್ಕಾಗ, ಮೊಣಕಾಲು ಒಪ್ಪಿದಾಗ, ಮನೆಗೆ ನೆಂಟರು ಬರುವುದಿಲ್ಲವೆಂದು ಖಾತ್ರಿಯಾದಾಗ.

ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆಯಲ್ಲೇ ನಡೆದು ಹೋಗುವವರ ಫೋಟೊಗಳನ್ನು ನೋಡಿ ಅತ್ತಿಗೆಗೆ ಆಸೆಯಾಗಿತ್ತು. ಆಮೇಲೆ ಅವರೇ, "ಕಡಲು ಎಲ್ಲಿಗೂ ಓಡಿ ಹೋಗಲ್ಲ. ಮೊದಲು ಮನೆ ಹಿಂದಿನ ಹೊಳೆ ನೋಡ್ಕಂಡು ಬರಾಣ" ಅಂದರು. ಅವರ ತವರು ಮಂಡಗದ್ದೆಗೂ ತೀರ್ಥಹಳ್ಳಿಗೂ ನಡುವಿನ ಹಳ್ಳಿ. ನಾನು ಹೊಳೆಹೊನ್ನೂರು ಕಡೆಯವಳು, ನಾಲೆ ನೀರಿನ ಗದ್ದೆ ನೋಡಿ ಬೆಳೆದವಳು. ಮಳೆ ಬಂದರೆ ಸಂಭ್ರಮಪಡುವ ಊರು ನಮ್ಮದು, ಮಳೆ ನಿಂತರೆ ಸಂಭ್ರಮಪಡುವ ಊರು ಅವರದು.

ನಮ್ಮ ಲೆಕ್ಕ ಸರಳ. ಹಿಂದಿನ ಸಲ ನಿಲ್ಲಿಸಿದ ಜಾಗಕ್ಕೆ ಬಸ್ಸಿನಲ್ಲಿ ಹೋಗಿ ಇಳಿಯುವುದು, ಕಾಲು ಸಾಕೆನ್ನುವವರೆಗೆ ನಡೆಯುವುದು, ಸಿಕ್ಕ ಬಸ್ಸು ಹತ್ತಿ ಮನೆಗೆ ಬರುವುದು. ನಿಲ್ಲಿಸಿದ ಜಾಗಕ್ಕೊಂದು ಗುರುತು ಬೇಕಲ್ಲ. ಒಮ್ಮೆ ಹಾಲಿನ ಡೇರಿ, ಒಮ್ಮೆ ನಾಗರಕಟ್ಟೆ, ಒಮ್ಮೆ ಬಾಗಿಲು ಹಾಕಿದ ರೈಸ್‌ಮಿಲ್ಲು. ಒಂದೇ ಪಟ್ಟಿಗೆ ವಾರಗಟ್ಟಲೆ ನಡೆಯುವವರ ಬಗ್ಗೆ ನನಗೆ ಗೌರವವಿದೆ, ಅಸೂಯೆಯೂ ಇದೆ. ಆದರೆ ಕಂತಿನಲ್ಲಿ ನಡೆದರೆ ನಡುವೆ ಬಿಟ್ಟ ದಿನಗಳೂ ದಾರಿಯೊಳಗೆ ಸೇರಿಕೊಳ್ಳುತ್ತವೆ. ನಾವಿಲ್ಲದಾಗ ಆ ಜಾಗದಲ್ಲಿ ಏನೇನಾಯಿತು ಅನ್ನುವುದು ಬಸ್ಸಿಳಿದ ಕೂಡಲೇ ಕಾಣುತ್ತದೆ. ಅಗೆ ಹಾಕಿದ್ದ ಗದ್ದೆ ನಾಟಿಯಾಗಿರುತ್ತದೆ. ಚಪ್ಪಲಿ ಕಳಚಿಟ್ಟು ಕೂತಿದ್ದ ಬಂಡೆ ನೀರಿನ ಕೆಳಗೆ ಹೋಗಿರುತ್ತದೆ. ಹೋದ ಸಲ ಚಹಾ ಕೊಟ್ಟ ಅಂಗಡಿಯವರ ಮಗಳಿಗೆ ಮದುವೆ ಗೊತ್ತಾಗಿರುತ್ತದೆ.

ಕೂಡ್ಲಿಯಿಂದ ಹೊರಟದ್ದು ಮೃಗಶಿರ ಮಳೆ ಮುಗಿದು ಆರಿದ್ರೆ ಹುಟ್ಟುವ ಹೊತ್ತಿಗೆ. 'ಆರಿದ್ರೆ ಆರದೆ ಹುಯ್ಯುತ್ತೆ' ಎಂಬ ಗಾದೆ ಬಯಲು ಕಡೆಗೆ ಅಷ್ಟು ನಿಜವಲ್ಲ. ಅವತ್ತು ಸೆಕೆ ಇತ್ತು. ಸಂಗಮದ ತುದಿಯಲ್ಲಿ ನಿಂತರೆ ಎರಡು ಹೊಳೆ ಎರಡು ಬಣ್ಣ. ತುಂಗೆ ಕೆಂಪಗೆ, ಕಸಕಡ್ಡಿ ಹೊತ್ತು ನುಗ್ಗುತ್ತಿತ್ತು. ಭದ್ರೆ ತಿಳಿಯಾಗಿ, ತೆಳ್ಳಗೆ ಬಂದು ಅದರ ಪಕ್ಕ ಸೇರುತ್ತಿತ್ತು. ಎರಡೂ ಹುಟ್ಟುವುದು ಒಂದೇ ಕಡೆ, ಕುದುರೆಮುಖದ ಗಂಗಾಮೂಲದಲ್ಲಿ. ಈ ವ್ಯತ್ಯಾಸ ಅಣೆಕಟ್ಟಿನದು. ಲಕ್ಕವಳ್ಳಿಯ ಹತ್ತಿರ ಭದ್ರೆಗೆ ಅಡ್ಡವಾಗಿರುವ ಜಲಾಶಯ 71.5 ಟಿಎಂಸಿಯದು, ಮುಂಗಾರಿನ ಮೊದಲ ಭಾಗದ ನೀರೆಲ್ಲ ಅದನ್ನು ತುಂಬುವುದಕ್ಕೇ ಹೋಗುತ್ತದೆ. ಗಾಜನೂರಿನಲ್ಲಿ ತುಂಗೆಗಿರುವುದು ಬರೀ 3.24 ಟಿಎಂಸಿ. ರಾಜ್ಯದಲ್ಲಿ ಮೊದಲು ತುಂಬಿದ ಜಲಾಶಯ ಅಂತ ಪೇಪರಿನಲ್ಲಿ ಬರುವ ಹೆಸರು ಸಾಮಾನ್ಯವಾಗಿ ಅದೇ. ತುಂಬಿದ ಮೇಲೆ ಮೇಲಿನಿಂದ ಬಂದದ್ದನ್ನು ಬಂದ ಹಾಗೆ ಬಿಡಬೇಕು. ಹಾಗಾಗಿ ಮಲೆನಾಡಿನಲ್ಲಿ ಮಳೆ ಹೇಗಿದೆ ಅಂತ ಕೂಡ್ಲಿಯಲ್ಲಿ ನಿಂತು ತಿಳಿಯಬೇಕಾದರೆ ಭದ್ರೆಯನ್ನು ನೋಡಿ ಉಪಯೋಗವಿಲ್ಲ, ತುಂಗೆಯನ್ನೇ ನೋಡಬೇಕು.

ಪೇಟೆಯೊಳಗಿನ ನಡಿಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ಹೆಮ್ಮೆಯಿಂದ ಹೇಳುವ ಊರು ಅದೇ ತುಂಗೆಗೆ ಏನೇನು ಬಿಡುತ್ತಿದೆ ಎಂಬುದನ್ನು ದಡದಲ್ಲಿ ಒಂದು ಗಂಟೆ ನಡೆದರೆ ಮೂಗೇ ಹೇಳುತ್ತದೆ. ತಗ್ಗಿನ ಬಡಾವಣೆಯೊಂದರಲ್ಲಿ 2019ರ ಆಗಸ್ಟಿನ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಒಬ್ಬ ಅಜ್ಜಿ ಕೈಯೆತ್ತಿ ತೋರಿಸಿದರು. ಕೈ ಕಿಟಕಿಯ ಮೇಲಿನ ಚೌಕಟ್ಟಿಗೆ ಹೋಯಿತು. "ಅವತ್ತೂ ಇಲ್ಲಿ ಅಂಥಾ ಮಳೆ ಏನಿರಲಿಲ್ಲ ಕಣವ್ವ" ಅಂದರು.

ದಡದಲ್ಲೇ ನಡೆಯುವುದು ಅಂತ ಹೇಳುವುದು ಸುಲಭ. ಕಡಲಿಗೆ ದಂಡೆ ಅಂತ ಒಂದು ಇರುತ್ತದೆ, ಅದರ ಮೇಲೆ ಯಾರು ಬೇಕಾದರೂ ಕಾಲಿಡಬಹುದು. ತುಂಗೆಯ ದಡ ಎಲ್ಲರದ್ದಾಗಿ ಉಳಿದಿರುವುದು ದೇವಸ್ಥಾನದ ಮೆಟ್ಟಿಲುಗಳ ಹತ್ತಿರ ಮಾತ್ರ. ಮಿಕ್ಕಂತೆ ತೋಟ, ತೋಟಕ್ಕೆ ಅಗಳ, ಅಗಳದ ಮೇಲೆ ಬೇಲಿ, ಬೇಲಿಗೆ ಈಚೆಗೆ ಕರೆಂಟು ಹೊಡೆಯುವ ಐಬೆಕ್ಸ್ ತಂತಿ. ಇದೆಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಹೊಳೆಗೆ ಸೇರುವ ಒಂದು ಹಳ್ಳ. ಬೇಸಿಗೆಯಲ್ಲಿ ಸೀರೆಯ ಅಂಚು ನೆನೆಯದೆ ದಾಟುವ ಹಳ್ಳ ಪುನರ್ವಸು ಮಳೆಯಲ್ಲಿ ಸೊಂಟದವರೆಗೆ ಬಂದಿರುತ್ತದೆ. ಎರಡು ಅಡಿಕೆ ದಬ್ಬೆ ಹಾಕಿದ ಕಾಲುಸಂಕ ಸಿಕ್ಕರೆ ಪುಣ್ಯ. ಸಿಗದಿದ್ದರೆ ಹಳ್ಳದ ಪಕ್ಕವೇ ಮೇಲೆ ಹತ್ತಿ, ಹೆದ್ದಾರಿಯ ಮೋರಿ ದಾಟಿ, ಮತ್ತೆ ಯಾರದೋ ತೋಟದೊಳಗಿಂದ ಹೊಳೆಗೆ ಇಳಿಯಬೇಕು. ತುಂಗೆಯ ಉದ್ದ 147 ಕಿಲೋಮೀಟರ್ ಅಂತ ಪುಸ್ತಕದಲ್ಲಿದೆ. ನಡೆಯುವವರ ಪಾಲಿಗೆ ಅದು ಎಷ್ಟಾಗುತ್ತದೆ ಎಂಬುದು ಆ ವರ್ಷದ ಹಳ್ಳಗಳಿಗೆ ಬಿಟ್ಟ ವಿಷಯ.

ಮಳೆ ಎಲ್ಲಿ ಸಿಗುತ್ತದೆ ಅಂತ ನಾನು ಕಾಯುತ್ತಿದ್ದೆ. ಸಿಕ್ಕಿದ್ದು ಗಾಜನೂರು ದಾಟಿ ಸಕ್ರೆಬೈಲಿನ ಆನೆಬಿಡಾರಕ್ಕೆ ಹೋಗುವ ದಾರಿಯಲ್ಲಿ. ಎಡಕ್ಕೂ ಬಲಕ್ಕೂ ಕಾಡು ಒತ್ತಿಕೊಂಡು ಬರುವ ಜಾಗ. ನಾವು ನಿಂತಿದ್ದಲ್ಲಿ ಟಾರು ಒಣಗಿತ್ತು. ಇಪ್ಪತ್ತು ಮಾರು ಆಚೆ ಟಾರು ಕಪ್ಪಗೆ ತೊಯ್ದಿತ್ತು. ಅದರ ಮೇಲೆ ಹನಿ ಬಿದ್ದು ಸಿಡಿಯುವುದು ಕಾಣುತ್ತಿತ್ತು, ಸದ್ದೂ ಕೇಳುತ್ತಿತ್ತು. ಎದುರಿನಿಂದ ಬಂದ ಕಾರಿನ ವೈಪರು ಆಡುತ್ತಲೇ ಇತ್ತು, ನಮ್ಮನ್ನು ದಾಟಿದ ಮೇಲೆ ನಿಂತಿತು. ನಾನು ಕೊಡೆ ಬಿಚ್ಚಿಕೊಂಡು ಮಳೆ ನಮ್ಮ ಕಡೆಗೆ ಬರಲಿ ಅಂತ ಕಾದೆ. ಅದು ಇದ್ದಲ್ಲೇ ಸುರಿಯುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಅತ್ತಿಗೆ, "ಅದು ಬರಲ್ಲ ಮಾರಾಯ್ತಿ, ನಾವೇ ಹೋಗ್ಬೇಕು" ಎಂದು ಮುಂದೆ ನಡೆದೇಬಿಟ್ಟರು.

ಅವರು ಅದನ್ನು ದೊಡ್ಡ ಮಾತು ಅಂತ ಆಡಿದ್ದಲ್ಲ. ನನಗೆ ಮಾತ್ರ ಉಳಿದ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೂತಿತು. ನಾವು ಬಯಲಿನವರು ಮಳೆಯನ್ನು ಯಾವಾಗಲೂ ಹೊತ್ತಿನ ಲೆಕ್ಕದಲ್ಲೇ ಹಿಡಿಯುತ್ತೇವೆ: ಬಂತು, ನಿಂತಿತು, ನಾಳೆ ಬರಬಹುದು. ಹೊಳೆಯ ಎದುರಿಗೆ ನಡೆಯುವಾಗ ಮಳೆ ಒಂದು ಜಾಗವಾಗುತ್ತದೆ. ಅದಕ್ಕೊಂದು ಗಡಿ ಇದೆ, ಒಳಗಿದೆ, ಇನ್ನೂ ಒಳಗಿದೆ. ಮುಂಗಾರಿನ ಗಾಳಿ ಕಡಲ ಕಡೆಯಿಂದ ಬಂದು ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲಕ್ಕೇರುತ್ತದೆ, ಏರುತ್ತ ತಣ್ಣಗಾಗುತ್ತದೆ, ಹೊತ್ತು ತಂದ ನೀರಿನ ಬಹುಪಾಲನ್ನು ನೆತ್ತಿಯಲ್ಲೇ ಇಳಿಸಿಬಿಡುತ್ತದೆ. ಗುಡ್ಡದ ಈಚೆ ಇಳಿಯುವಾಗ ಅದರಲ್ಲಿ ಉಳಿಯುವುದು ಕಡಿಮೆ. ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ತಂಪು ಗಾಳಿ, ತುಂತುರು ಮತ್ತು ಹೊಳೆಯ ನೀರು, ಇಷ್ಟೇ. ಶಾಲೆಯಲ್ಲಿ ಮಳೆಯ ನೆರಳು ಅಂತ ಓದಿದ್ದು ಇದನ್ನೇ. ಆ ನೆರಳಿನ ಅಂಚನ್ನು ಒಂದು ರಸ್ತೆಯ ಟಾರಿನ ಮೇಲೆ ನೋಡಬಹುದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಮುಂಗಾರಿನ ಮೊದಲ ಮಳೆಗೆ ಹೊಳೆ ಬಿಟ್ಟು ಹಳ್ಳ, ಹಳ್ಳ ಬಿಟ್ಟು ಗದ್ದೆ ಅಂತ ನೀರಿಗೆದುರಾಗಿ ಏರುವ ಹತ್ತುಮೀನಿನ ದಾರಿಯೂ ಇದೇ. ಅದಕ್ಕಾದರೆ ಮೊಟ್ಟೆಯಿಡುವ ಕೆಲಸವಿದೆ. ನಮಗೇನು ಕೆಲಸ ಅಂತ ದಾರಿಯುದ್ದಕ್ಕೂ ಜನ ಕೇಳಿದರು.

ಏಕೆಂದರೆ ಸುಮ್ಮನೆ ನಡೆಯುವವರು ಇಲ್ಲಿ ಯಾರೂ ಇಲ್ಲ. ಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿದ್ದಾರೆ, ದೀಪಾವಳಿಯ ರಾತ್ರಿ ಅಂಟಿಗೆ ಪಿಂಟಿಗೆಯ ದೀಪ ಹಿಡಿದು ಹಾಡುತ್ತ ಮನೆಯಿಂದ ಮನೆಗೆ ಹೋಗುವವರಿದ್ದಾರೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ಹೊಳೆ ಹರಿಯುವ ದಿಕ್ಕಿಗೇ ಹೋದದ್ದು ಎಲ್ಲರಿಗೂ ನೆನಪಿದೆ. ಕೊಡೆ ಹಿಡಿದ ಇಬ್ಬರು ಹೆಂಗಸರು ಉಲ್ಟಾ ದಿಕ್ಕಿಗೆ, ಅದೂ ಜುಲೈನಲ್ಲಿ ಹೋಗುತ್ತಿದ್ದರೆ ಏನಂತ ತಿಳಿಯಬೇಕು? "ಬಸ್ಸು ತಪ್ಪಿತಾ ಅಮ್ಮ?" ಎಂದು ಕೇಳಿದವರೇ ಹೆಚ್ಚು. "ಹರಕೆ ಏನಾದ್ರೂ ಇತ್ತಾ?" ಎಂದು ದನಿ ತಗ್ಗಿಸಿ ಕೇಳಿದವರೂ ಇದ್ದರು. ಅತ್ತಿಗೆ ಮೊದಮೊದಲು ವಿವರಿಸಿ ಹೇಳುತ್ತಿದ್ದರು. ಆಮೇಲೆ "ಹ್ಞೂಂ, ಹರಕೆ" ಅಂತ ಮುಗಿಸತೊಡಗಿದರು. ಹಾಗಂದ ಮನೆಗಳಲ್ಲಿ ಕಾಫಿಯ ಜೊತೆ ಹಲಸಿನ ಹಪ್ಪಳವೂ ಬಂತು.

ಮಂಡಗದ್ದೆ ಶಿವಮೊಗ್ಗದಿಂದ 30 ಕಿಲೋಮೀಟರ್. ಹೊಳೆಯ ನಡುವಿನ ಕುದುರಿನ ಮರಗಳು ಅರ್ಧ ಮುಳುಗಿ, ಮುಳುಗದ ಅರ್ಧದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಗಲಾಟೆ ಎಬ್ಬಿಸಿದ್ದವು. ಬುಡ ನೀರಿನಲ್ಲಿದ್ದಷ್ಟು ದಿನ ಮರಿಗಳಿಗೆ ಕ್ಷೇಮ. ಕೆಳಗಿನಿಂದ ಹತ್ತಿ ಬರುವ ಪ್ರಾಣಿಗಳಿಗೆ ದಾರಿಯಿಲ್ಲ. ಹೊಳೆ ಉಕ್ಕಿದರೆ ಮಾತ್ರ ತಗ್ಗಿನ ಕೊಂಬೆಯ ಗೂಡುಗಳು ಹೋಗುತ್ತವೆ. ವೀಕ್ಷಣಾ ಗೋಪುರದಿಂದ ನೋಡುತ್ತ ನಿಂತಾಗ ನನಗೆ ಹೊಳೆದದ್ದು, ತುಂಗೆಯ ದಡದ ಪ್ರತಿ ಊರಿಗೂ ನೀರಿನ ಮಟ್ಟಕ್ಕೆ ತನ್ನದೇ ಒಂದು ಗುರುತಿದೆ ಅಂತ. ಶಿವಮೊಗ್ಗಕ್ಕೆ ಛತ್ರದ ಮಂಟಪ, ಇಲ್ಲಿ ಗೂಡಿನ ಕೊಂಬೆ, ತೀರ್ಥಹಳ್ಳಿಗೆ ರಾಮಮಂಟಪ, ಶೃಂಗೇರಿಗೆ ಹೊಳೆದಡದ ಕಪ್ಪೆ ಶಂಕರನ ಶಿಲ್ಪ. ಗಾಜನೂರಿನಲ್ಲಿ ತುಂಬಿದ ಮಟ್ಟ 588.24 ಮೀಟರ್ ಅಂತ ಇಂಜಿನಿಯರುಗಳು ಎರಡು ದಶಮಾಂಶದವರೆಗೆ ಹೇಳುತ್ತಾರೆ. ಆದರೆ ಫೋನಿನಲ್ಲಿ ನೆಂಟರು ವಿಚಾರಿಸುವುದು 'ಮಂಟಪ ಮುಳುಗ್ತಾ?' ಅಂತಲೇ.

ಮಂಡಗದ್ದೆಯಿಂದ ಮೇಲೆ ಮಳೆಯ ಒಳಮನೆ. ಇಲ್ಲಿ ಅದು ಬರುವುದೂ ಇಲ್ಲ ಹೋಗುವುದೂ ಇಲ್ಲ, ಜೋರಾಗುತ್ತದೆ, ಸಣ್ಣಗಾಗುತ್ತದೆ. ನಾನು ರೇನ್‌ಕೋಟು ತಂದಿದ್ದೆ. "ಒಳಗೆ ಬೆವರಿಗೆ ನೆನೆಯೋದಕ್ಕಿಂತ ಹೊರಗೆ ಮಳೆಗೆ ನೆನೆಯೋದು ಲೇಸು" ಅಂತ ಅತ್ತಿಗೆ ಕೊಡೆಯನ್ನೇ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಸಮನಾಗಿ ಒದ್ದೆಯಾಗಿದ್ದೆವು. ನಾಟಿ ಗದ್ದೆಯಲ್ಲಿ ಬಗ್ಗಿದ ಹೆಂಗಸರ ಬೆನ್ನ ಮೇಲೆ ನೀಲಿ ಪ್ಲಾಸ್ಟಿಕ್ ಕೊಪ್ಪೆಗಳು. ಹಿಂದೆ ಅಲ್ಲಿ ಗೊರಬು ಇರುತ್ತಿತ್ತು. ಅತ್ತಿಗೆಯ ತವರಿನಲ್ಲಿ ಅಟ್ಟದ ಮೂಲೆಯಲ್ಲಿ ಈಗಲೂ ಒಂದು ನೇತಾಡುತ್ತಿದೆ, ಎಲೆ ಉದುರಿ ಬಿದಿರಿನ ಹೆಣಿಗೆ ಮಾತ್ರ ಉಳಿದು. ರಕ್ತ ಹೀರುವ ಇಂಬಳಕ್ಕೆ ನಾನು ಬೂಟು, ಸಾಕ್ಸು, ಅದರ ಮೇಲೆ ಬೇವಿನೆಣ್ಣೆ ಎಲ್ಲ ಮಾಡಿಕೊಂಡು ಬಂದಿದ್ದೆ. ಅತ್ತಿಗೆಯದು ರಬ್ಬರಿನ ಚಪ್ಪಲಿ, ಸೆರಗಿನ ಗಂಟಿನಲ್ಲಿ ಸುಣ್ಣ. ಅವರ ಕಾಲಿಗೆ ಹತ್ತಿದ್ದು ಕಾಣುತ್ತಿತ್ತು, ಸುಣ್ಣ ತಾಗಿಸಿದರೆ ಉದುರುತ್ತಿತ್ತು. ನನ್ನದು ಸಾಕ್ಸಿನೊಳಗೆ ನೆಮ್ಮದಿಯಾಗಿ ಉಂಡು ಸಂಜೆ ಬಸ್ಸಿನಲ್ಲಿ ಸಿಕ್ಕಿತು.

ಈ ಕಂತಿನಲ್ಲೇ ಒಂದು ಮನೆ. ಹೊಳೆಗೆ ಇಳಿಯಲು ತೋಟದೊಳಗೆ ಬಿಡುತ್ತೀರಾ ಎಂದು ಕೇಳಲು ಅಂಗಳಕ್ಕೆ ಹೋಗಿದ್ದೆವು. ಜಗಲಿಯ ಮೇಲಿದ್ದ ಹಿರಿಯರು, "ಹೊಳೆ ಎಲ್ಲೂ ಹೋಗಲ್ಲ, ಮೊದ್ಲು ಕೂತ್ಕಳಿ" ಅಂದರು. ಅಂಗಳದ ತುದಿಯಲ್ಲಿ, ಸೂರಿನಿಂದಲೂ ಮರದಿಂದಲೂ ದೂರವಾಗಿ ಒಂದು ಮಳೆಮಾಪಕ ನೆಟ್ಟಿತ್ತು. ಬೆಳಿಗ್ಗೆ ಎಂಟೂವರೆಗೆ ಅದರ ಕೊಳವೆ ಎತ್ತಿ ನೋಡಿ ಬರೆಯುವುದು ಅವರ ತಂದೆಯ ಕಾಲದಿಂದ ನಡೆದು ಬಂದ ಕೆಲಸ. ನೋಟುಬುಕ್ಕುಗಳ ಕಟ್ಟು ತಂದು ತೋರಿಸಿದರು. ಹಳೆಯವುಗಳಲ್ಲಿ ಇಂಚು-ಸೆಂಟು, ಆಮೇಲಿನವುಗಳಲ್ಲಿ ಮಿಲಿಮೀಟರು. ಒಂದು ಬದಿಗೆ ಅಂಕಿ, ಇನ್ನೊಂದು ಬದಿಗೆ ಸಣ್ಣಕ್ಷರದಲ್ಲಿ ಟಿಪ್ಪಣಿ: 'ಹೊಳೆ ಕೆಳಗಿನ ಗದ್ದೆಗೆ ಬಂತು', 'ಕರೆಂಟಿಲ್ಲ', 'ಗೌರಿ ಕರು ಹಾಕಿತು', 'ಮಿಂಚು, ಗುಡುಗಿಲ್ಲ', 'ಅಪ್ಪಯ್ಯನ ತಿಥಿ, ಹೊಳವು'. ಹೊಳವು ಅಂದರೆ ಮಳೆಯ ನಡುವೆ ಸಿಗುವ ಬಿಡುವು. ಅಂಕಿಗಿಂತ ನನಗೆ ಆ ಬದಿಯೇ ಹೆಚ್ಚು ಹಿಡಿಸಿತು. ಮಳೆಗೆ ವಿವರ ಸಿಗುವುದು ಅದು ಯಾರ ಮನೆಯ ಮೇಲೆ ಬಿತ್ತು ಅಂತ ಗೊತ್ತಾದಾಗ.

"ಈಗ ಪಂಚಾಯ್ತಿ ಹತ್ರ ಆಟೊಮ್ಯಾಟಿಕ್ ಮಷೀನು ಕೂರ್ಸಿದಾರೆ, ನಿಮಗ್ಯಾಕೆ ಈ ಕೆಲಸ ಅಂತ ಮಗ ಕೇಳ್ತಾನೆ" ಅಂದರು ಹಿರಿಯರು. "ಅದು ಪಂಚಾಯ್ತಿಯ ಮಳೆ. ಇದು ನಮ್ಮ ತೋಟದ್ದು. ನಾಲ್ಕು ಮೈಲಿ ಆಚೆ ಅರ್ಧ ಇರ್ತದೆ." ಒಟ್ಟು ಮಳೆ ಬಹಳ ಕಮ್ಮಿಯಾಗಿಲ್ಲ, ಆದರೆ ಬೀಳುವ ಕ್ರಮ ಕೆಟ್ಟಿದೆ ಎಂಬುದು ಅವರ ನೋಟುಬುಕ್ಕಿನ ತೀರ್ಮಾನ. ಜಿಟಿಜಿಟಿ ಮಳೆಯ ದಿನಗಳು ಹೋಗಿ ಒಂದೇ ರಾತ್ರಿ ಸುರಿಯುವುದು ಜಾಸ್ತಿಯಾಗಿದೆಯಂತೆ. ನಾನು ಇದನ್ನು ಇಡೀ ಮಲೆನಾಡಿಗೆ ಅನ್ವಯಿಸಿ ಬರೆಯಲಾರೆ. ಆದರೆ ಒಂದೇ ಅಂಗಳದಲ್ಲಿ, ಒಂದೇ ಹೊತ್ತಿಗೆ, ಎರಡು ತಲೆಮಾರು ಬರೆದ ಲೆಕ್ಕವನ್ನು ಹಗುರಾಗಿ ತೆಗೆದುಕೊಳ್ಳುವುದಕ್ಕೂ ಆಗುವುದಿಲ್ಲ.

ಮಾತಿನ ನಡುವೆ ಹಂಚಿನ ಮೇಲಿನ ಸದ್ದು ನಿಂತಿತು. ಹಿರಿಯರು ಅರ್ಧ ವಾಕ್ಯದಲ್ಲೇ ಎದ್ದು ಅಂಗಳಕ್ಕೆ ಹೋಗಿ ಪಡುವಣ ದಿಕ್ಕು ನೋಡಿದರು. "ಹೊಳವಾಯ್ತು!" ಅಷ್ಟೇ. ಒಳಗಿನಿಂದ ಮಗ, ಹಿತ್ತಲಿನಿಂದ ಇಬ್ಬರು ಆಳು, ಎಲ್ಲರೂ ಒಂದೇ ಸಲಕ್ಕೆ ಹೊರಬಂದರು. ಅಡಿಕೆಗೆ ಎರಡನೆಯ ಔಷಧಿ ಹೊಡೆಯುವುದು ಬಾಕಿಯಿತ್ತು. ಮೊದಲನೆಯದು ಮುಂಗಾರು ಹಿಡಿಯುವ ಮುಂಚೆ ಆಗುತ್ತದೆ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಆಗಬೇಕು. ಆ ಲೆಕ್ಕಕ್ಕೆ ಅದು ಸರಿಯಾಗಿ ಪುಷ್ಯ ಮಳೆಯ ಅಬ್ಬರದ ನಡುವೆ ಬರುತ್ತದೆ. ತಪ್ಪಿದರೆ ಕೊಳೆರೋಗ, ಎಳೆಗಾಯಿ ಮರದ ಬುಡದಲ್ಲಿ ರಾಶಿ. ಗೊನೆಗಳಿಗೆ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುವವರೂ ಇದ್ದಾರೆ, ಎಲ್ಲ ಮರಕ್ಕೂ ಆಗುವ ಕೆಲಸವಲ್ಲ ಅದು.

ಡ್ರಮ್ಮಿನಲ್ಲಿ ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸುತ್ತಾರೆ. ಮಗ ಕತ್ತಿಯೊಂದನ್ನು ತಿಕ್ಕಿ ಹೊಳಪು ಮಾಡಿ ಆ ನೀಲಿಯೊಳಗೆ ಅದ್ದಿ ಹಿಡಿದ. ಎತ್ತಿದಾಗ ಅಲಗಿನ ತುದಿಗೆ ಕೆಂಪು ಕೂತಿತ್ತು, ತಾಮ್ರದ ಬಣ್ಣ. "ಸುಣ್ಣ ಸಾಲ್ದು" ಅಂದರು ಹಿರಿಯರು. ಇನ್ನೊಂದು ಹಿಡಿ ಸುಣ್ಣದ ನೀರು ಹಾಕಿ, ಕಲಕಿ, ಕತ್ತಿಯನ್ನು ಮತ್ತೆ ತಿಕ್ಕಿ ಅದ್ದಿದರು. ಈ ಸಲ ಕಬ್ಬಿಣ ಕಬ್ಬಿಣವಾಗಿಯೇ ಮೇಲೆ ಬಂತು. ಮರ ಹತ್ತುವ ಕೊನೆಗಾರ ಈ ಜಾರಿಗೆ ಹತ್ತುವುದಿಲ್ಲವೆಂದು ಮೊದಲೇ ಹೇಳಿದ್ದನಂತೆ, ಹಾಗಾಗಿ ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದನೆಯ ಕೋಲು. ನೆಲದಲ್ಲೇ ನಿಂತು ಕತ್ತು ಹಿಂದಕ್ಕೆ ಬಾಗಿಸಿ ನೆತ್ತಿಯ ಗೊನೆಗೆ ಗುರಿಯಿಡಬೇಕು. ಅರ್ಧ ಔಷಧಿ ಮುಖಕ್ಕೇ ಬೀಳುತ್ತದೆ. ಪೈಪು ಎಳೆಯಲು ಒಬ್ಬರು ಕಮ್ಮಿಯಿದ್ದರು. ಅತ್ತಿಗೆ ಕೊಡೆ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಪೈಪು ಹಿಡಿದರು. ನಾನು ಅಗಳದ ಪಕ್ಕ ನಿಂತು ಪಡುವಣದ ಮೋಡ ಕಾಯುವ ಕೆಲಸಕ್ಕೆ ನೇಮಕವಾದೆ. ಮೋಡ ಎರಡು ಗಂಟೆಯನ್ನೂ ಪೂರ್ತಿ ಕೊಡಲಿಲ್ಲ. ಅವತ್ತು ನಾವು ಮುಂದೆ ನಡೆಯಲೂ ಇಲ್ಲ. ರಾತ್ರಿ ಬಿಸಿ ಕಡುಬು, ಕಳಲೆ ಪಲ್ಯ, ತಿರುಗಿ ಹಂಚಿನ ಮೇಲೆ ಅದೇ ಸದ್ದು.

ಅಲ್ಲಿಂದ ಮುಂದೆ ಹಳ್ಳಗಳು ಬಿಡಲಿಲ್ಲ. ಆಶ್ಲೇಷ ಮಳೆ ಪೂರ್ತಿ ನಾವು ಮನೆಯಲ್ಲಿದ್ದೆವು. 'ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅನ್ನುತ್ತ ಮಖೆಯನ್ನೂ ಕಳೆದೆವು. ಶಿವಮೊಗ್ಗದಲ್ಲಿ ಕೂತು ಸೇತುವೆಯ ಕೆಳಗಿನ ನೀರು ನೋಡಿದರೆ ಈಗ ಅದರ ಹಿಂದೆ ಒಂದು ಅಂಗಳ ಕಾಣುತ್ತಿತ್ತು. ನೀರು ಕದಡಿ ಏರಿದ ದಿನ, ಅಲ್ಲಿ ಔಷಧಿ ತೊಳೆದು ಹೋಯಿತೇನೋ ಅನ್ನಿಸುತ್ತಿತ್ತು.

ಮತ್ತೆ ಹೋದದ್ದು ಭೂಮಿ ಹುಣ್ಣಿಮೆಯ ಹೊತ್ತಿಗೆ. ಅತ್ತಿಗೆಗೆ ಹೇಗೂ ತವರಿಗೆ ಹೋಗುವುದಿತ್ತು. ಹಬ್ಬದ ದಿನ ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವ ಕೈ ಆ ಮನೆಯಲ್ಲಿ ಅವರದೊಂದೇ. ಬಸ್ಸಿಳಿದಾಗ ನಾನು ತಪ್ಪು ನಿಲ್ದಾಣ ಅಂದುಕೊಂಡೆ. ಮಬ್ಬು ಬೆಳಕಿನಲ್ಲಿ ನೋಡಿದ್ದ ಗದ್ದೆಬಯಲು ಹೊಡೆ ಬಂದ ಬತ್ತದಿಂದ ಹಳದಿ-ಹಸಿರಾಗಿ ಗುಡ್ಡದ ಬುಡದವರೆಗೆ ಹರಡಿತ್ತು. ಮಳೆಯಲ್ಲಿ ಇರುವುದೇ ತಿಳಿಯದಿದ್ದ ಒಂದು ದೇವಸ್ಥಾನ ಅಲ್ಲೇ ಎದುರಿಗಿತ್ತು. ಹೊಳೆ ತನ್ನ ಪಾತ್ರದೊಳಕ್ಕೆ ಇಳಿದು ಹಸಿರಾಗಿತ್ತು. ಜುಲೈನಲ್ಲಿ ನಮ್ಮನ್ನು ತಿರುಗಿ ಕಳಿಸಿದ ಹಳ್ಳವನ್ನು ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ, ನೀರು ಹಿಮ್ಮಡಿ ಮುಟ್ಟಿತು.

ಆದರೆ ಆಕಾಶ ನೋಡುವುದು ನಿಂತಿರಲಿಲ್ಲ. ನವೆಂಬರಿಗೆ ಕೊನೆಕೊಯ್ಲು. ಚಪ್ಪರದ ಕೆಳಗೆ ರಾತ್ರಿ ಹನ್ನೊಂದರವರೆಗೆ ಸುಲಿತ. ಯಂತ್ರ ಬಂದಿರುವ ಮನೆಗಳೂ ಇವೆ, ಆದರೂ ಮೆಟ್ಟುಗತ್ತಿಯ ಮೇಲೆ ಕೂತ ಹೆಂಗಸರ ಕೈ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪಕ್ಕದಲ್ಲಿ ಹಂಡೆ, ಅಡಿಕೆ ಬೇಯುವ ನೀರಿನ, ಚೊಗರಿನ, ಒಗರು ವಾಸನೆ ರಸ್ತೆಯವರೆಗೆ. ಬೆಂದ ಅಡಿಕೆಗೆ ಬಿಸಿಲು ಬೇಕು. ಮಳೆಗಾಲದಲ್ಲಿ ಪಡುವಣ ನೋಡಿದವರೇ ಈಗ ಟೀವಿಯಲ್ಲಿ ಮೂಡಣ ನೋಡುತ್ತಾರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಚಪ್ಪರದ ಮೇಲೆ ಟಾರ್ಪಾಲು ಏರುತ್ತದೆ. ನಮ್ಮ ಆ ಕಂತು ಮೋಡದ ಕೆಳಗೇ ಕಳೆಯಿತು. ಹನಿ ಬೀಳದೆ, ಬಿಸಿಲೂ ಬಾರದೆ. ನಡೆಯುವವರಿಗೆ ಅದಕ್ಕಿಂತ ಹಿತವಾದ ಹವೆ ಇಲ್ಲ. ದಾರಿಯಲ್ಲಿ ಸಿಕ್ಕವರಿಗೆ ಮಾತ್ರ ಹಾಗನ್ನಲು ಬಾಯಿ ಬರಲಿಲ್ಲ.

ತೀರ್ಥಹಳ್ಳಿಯನ್ನು ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಹೊಕ್ಕೆವು. ಪರಶುರಾಮ ಕೊಡಲಿ ತೊಳೆದನೆಂಬ ರಾಮತೀರ್ಥದಲ್ಲಿ ಮೀಯುವ ಜನ ಎಷ್ಟಿದ್ದರೆಂದರೆ ನೀರು ಕಾಣುತ್ತಿರಲಿಲ್ಲ. ಕಮಾನು ಸೇತುವೆಯ ಮೇಲಿಂದ ನೋಡಿ ಮುಂದೆ ಹೋದೆವು. ಚಿಬ್ಬಲಗುಡ್ಡೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಅರ್ಧ ದಿನ ಕೂತದ್ದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಹೇಳಬೇಕು ಅನ್ನಿಸಿತು.

ಹರಿಹರಪುರದಿಂದ ಮೇಲಕ್ಕೆ ಅಡಿಕೆಯ ನಡುವೆ ಕಾಫಿ ಜಾಸ್ತಿಯಾಗುತ್ತದೆ. ಅಲ್ಲಿ ಮಳೆಗೆ ಬೇರೆಯದೇ ಮರ್ಯಾದೆ. ಫೆಬ್ರವರಿ ಮಾರ್ಚಿನಲ್ಲಿ ಒಂದು ಇಂಚು ಬಿದ್ದರೆ ಅದು ಹೂಮಳೆ. ವಾರ ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ. ಸುಮ್ಮನೆ ಒಂದಷ್ಟು ಹನಿ ಹಾಕಿ ಹೋದರೆ ಮೊಗ್ಗು ಅರೆಬಿರಿದು ಕೆಡುತ್ತದೆ. ನಾವು ಹೋದಾಗ ಮಳೆಯಾಗಿ ಒಂದು ವಾರ ಕಳೆದಿತ್ತು. ಒಂದು ತಿರುವು ದಾಟಿದರೆ ಮಲ್ಲಿಗೆಯ ಕಡೆಗೇ ಹೋಗುವ ಪರಿಮಳ, ಜೇನುನೊಣಗಳ ಗುಂಯ್‌ಗುಡುವಿಕೆ. ಮುಂದಿನ ತಿರುವಿನಲ್ಲಿ ಏನೂ ಇಲ್ಲ, ಒಣಗಿದ ಮೊಗ್ಗು. ಆ ಎಸ್ಟೇಟಿಗೆ ಮಳೆ ಬಿದ್ದಿರಲಿಲ್ಲ. ಸಕ್ರೆಬೈಲಿನ ದಾರಿಯ ಟಾರಿನಲ್ಲಿ ಕಂಡ ಅಂಚು ಇಲ್ಲಿ ಹೂವಿನಲ್ಲಿ ಕಂಡಿತು, ಮಳೆ ಬಿದ್ದು ಅಷ್ಟು ದಿನವಾದ ಮೇಲೂ. ಮಳೆ ತನ್ನ ಗಡಿಯನ್ನು ಬರೆದಿಟ್ಟು ಹೋಗುತ್ತದೆ ಅಂತ ನಾನು ಖುಷಿಯಿಂದ ಹೇಳಿದೆ. ಅತ್ತಿಗೆ, "ಆ ಎಸ್ಟೇಟಿನವರ ಹತ್ರ ಹಂಗನ್ಬೇಡ" ಅಂದರು.

ಶೃಂಗೇರಿಯಲ್ಲಿ ಹೊಳೆ ತೆಳುವಾಗಿತ್ತು. ಮಳೆಗಾಲದಲ್ಲಿ ಮುಳುಗುವ ಕಪ್ಪೆ ಶಂಕರನ ಮುಂದೆ ಮಕ್ಕಳು ಕಾಲು ಇಳಿಬಿಟ್ಟು ಕೂತಿದ್ದರು.

ಕೊನೆಯ ಕಂತು ಮೇ ಕಳೆಯುವ ಹೊತ್ತಿಗೆ, ರೋಹಿಣಿ ಮಳೆಯಲ್ಲಿ. ನೆಮ್ಮಾರಿನವರೆಗೆ ಹೊಳೆ ರಸ್ತೆಯ ಪಕ್ಕದಲ್ಲೇ ಬಂತು. ಬಂಡೆಗಳ ನಡುವೆ ಹಾರಿ ಇಳಿಯುವ ಸಣ್ಣ ಹುಡುಗಿ, ಶಿವಮೊಗ್ಗದಲ್ಲಿ ನೋಡಿದ್ದೇ ಇದು ಅಂದರೆ ನಂಬುವುದು ಕಷ್ಟ. ಅದರಾಚೆ ತನಿಕೋಡಿನ ಅರಣ್ಯ ಚೆಕ್‌ಪೋಸ್ಟು. ಗಂಗಾಮೂಲ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ, ಪರವಾನಗಿ ಇಲ್ಲದೆ ಅಲ್ಲಿಗೆ ನಡೆದು ಹೋಗುವಂತಿಲ್ಲ. ಅದು ನಮಗೆ ಗೊತ್ತಿತ್ತು, ಇಲ್ಲಿಗೇ ಮುಗಿಸುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಗೇಟಿನ ಗಾರ್ಡು ನಮ್ಮ ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲದ್ದನ್ನು ನೋಡಿ ಎಲ್ಲಿಂದ ಬಂದಿರಿ ಅಂತ ಕೇಳಿದ. ಕೂಡ್ಲಿಯಿಂದ ಅಂದಾಗ ರಿಜಿಸ್ಟರು ಮುಚ್ಚಿ, ಕುರ್ಚಿ ಎಳೆದು ಕೊಟ್ಟ.

ಕಥೆಯೆಲ್ಲ ಕೇಳಿದ ಮೇಲೆ ಅವನ ಮುಖದಲ್ಲಿ ಸಣ್ಣ ನಗೆ. "ಮಳೆ ಇಲ್ಲಿ ಹುಟ್ಟೂದು ಅಂತ ಯಾರು ಹೇಳಿದ್ದಮ್ಮ ನಿಮಗೆ? ಇಲ್ಲಿಗೂ ಅದು ಕೆಳಗಿಂದ ಹತ್ತಿ ಬರೂದು. ಕಾರ್ಕಳದ ಕಡೆ ಮೋಡ ಕಟ್ಟಿದ್ರೆ ನಾವು ಬಟ್ಟೆ ಒಳಗೆ ತರ್ತೇವೆ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ನಕಾಶೆ ಬಿಚ್ಚಿದೆ. ಉದ್ಯಾನದೊಳಗಿನಿಂದ ಹೋಗುವ ರಸ್ತೆ ಆಗದ ಮಾತು. ತೀರ್ಥಹಳ್ಳಿಗೆ ವಾಪಸು ಹೋಗಿ ಆಗುಂಬೆಯ ಹದಿನಾಲ್ಕು ತಿರುವು ಇಳಿದರೆ ಸೋಮೇಶ್ವರ, ಹೆಬ್ರಿ, ಉಡುಪಿ. ಆ ಹೆದ್ದಾರಿ, 169ಎ, ಮಲ್ಪೆಯ ಕಡಲಲ್ಲೇ ಕೊನೆಯಾಗುತ್ತದೆ. ನನ್ನ ವಾದ, ಹೋಗುವುದಾದರೆ ಈಗಲೇ, ಮುಂಗಾರು ಘಟ್ಟ ಹತ್ತುವಾಗ ನಾವು ಇಳಿಯಬೇಕು, ಎದುರಿಗೆ ಸಿಗಬೇಕು. ಅತ್ತಿಗೆಯ ವಾದ, ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದು ಬಸ್ಸೇ ಬಂದಾಗುತ್ತದೆ, ಸ್ವಾತಿ ಮಳೆ ಕಳೆದ ಮೇಲೆ ನೋಡೋಣ, ಅಷ್ಟರಲ್ಲಿ ಅಣ್ಣನ ಕಣ್ಣಿನ ಆಪರೇಷನ್ನೂ ಮುಗಿದಿರುತ್ತದೆ. ಶೃಂಗೇರಿಗೆ ಹೋಗುವ ಬಸ್ಸು ಬರುವವರೆಗೆ ಇದೇ ನಡೆಯಿತು. ಗಾರ್ಡು ಅತ್ತಿಗೆಯ ಪರ. ಬಸ್ಸಿನಲ್ಲಿ ಕಂಡಕ್ಟರನ್ನೂ ಕೇಳಿದೆವು, ಅವನು ಚಿಲ್ಲರೆ ಇದ್ದರೆ ಕೊಡಿ ಅಂದ.